ಹಿಟ್ಟಿನ ಡಬ್ಬಿಯ ಮುಚ್ಚಳ

ಈ ಕತೆ ಹೇಳಹೊರಟಿದ್ದಕ್ಕೆ ಮೊದಲೇ ಕ್ಷಮೆ ಇರಲಿ. ಮುಖಕ್ಕೆ ಒಂದು ದಿನವೂ ಬಣ್ಣ ಹಚ್ಚದವರು ನಾಟಕದವರ ಮಾತು ಆಡಬಾರದು. ಆಡಿದರೆ ಎಲ್ಲೋ ಒಂದು ಕಡೆ ತಪ್ಪುತ್ತದೆ. ಇದರಲ್ಲಿ ಬರುವವರು ಯಾರೂ ನಮ್ಮ ಸುದ್ದಿ ಹೇಳಿ ಎಂದು ಕೇಳಿದವರೂ ಅಲ್ಲ. ಅವರಲ್ಲಿ ಒಬ್ಬಾಕೆಯ ಕಿವಿಗೆ ಇದು ಬಿದ್ದರೆ ಏನಾದೀತೋ ಎಂಬ ಅಂಜಿಕೆಯಂತೂ ಕೊನೆಯ ಸಾಲಿನವರೆಗೂ ಬಿಡುವುದಿಲ್ಲ. ಆದರೂ ಹೇಳದೆ ಇಟ್ಟುಕೊಂಡರೆ ಗುರುಶಾಂತನಿಗೆ ಇನ್ನೊಂದು ಅನ್ಯಾಯ ಮಾಡಿದಂತಾಗುತ್ತದೆ ಅನಿಸಿ, ಅಂಜುತ್ತಲೇ ಶುರು ಮಾಡಬೇಕಾಗಿದೆ.

ಗುರುಶಾಂತ ಅಫಜಲಪುರ ತಾಲೂಕಿನ ಅತನೂರಿನವನು. ಬಸ್ಸು ನಿಲ್ಲುವ ಜಾಗದ ಹಿಂದೆ ಅವನ ಹಿಟ್ಟಿನ ಗಿರಣಿ. ವಯಸ್ಸು ಮೂವತ್ತು ದಾಟಿದೆ, ಅಷ್ಟೇ. ಹುಬ್ಬಿನ ಮೇಲೆ, ಕಿವಿಯ ಕೂದಲ ಮೇಲೆ ಸದಾ ಹಿಟ್ಟು ಕೂತಿರುವುದರಿಂದ ಹೊಸಬರು ಅವನಿಗೆ ಐವತ್ತು ಎಂದು ತಿಳಿಯುತ್ತಾರೆ. ಊರಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ.

"ಏನ್ ಅವ್ವಾ, ಊಟಾತೇನ?" ಎಂದು ಕಲ್ಯಾಣಕುಮಾರ ಮೋಟರ್ ಸೈಕಲ್ ನಿಲ್ಲಿಸದೆಯೇ ಕೂಗಿ ಹೋಗುತ್ತಾನೆ. ಕಲ್ಯಾಣಕುಮಾರ ಊರಿನ ದೊಡ್ಡ ಮನೆಯ ಮಗ, ಊರ ನಾಟಕದ ಖಾಯಂ ಹೀರೋ. ಗಿರಣಿಯ ಮುಂದೆ ಸರದಿ ಕಾಯುತ್ತ ಪಾಳಿಯಲ್ಲಿ ಕೂತ ಹೆಂಗಸರು ಸೆರಗಿನಲ್ಲಿ ನಗುತ್ತಾರೆ. ಗುರುಶಾಂತನೂ ನಕ್ಕಂತೆ ಮಾಡುತ್ತಾನೆ.

ಈ ಅಡ್ಡಹೆಸರಿಗೆ ಕಾರಣ ನಾಟಕವೇ. ಅತನೂರಿನ ಗೆಳೆಯರೆಲ್ಲ ಸೇರಿ ಪ್ರತಿ ವರ್ಷ ಎಳ್ಳಮಾಸಿ ಹಬ್ಬ ಮುಗಿದ ವಾರ ಒಂದು ಸಾಮಾಜಿಕ ನಾಟಕ ಆಡುತ್ತಾರೆ. ಗಂಡಸರ ಪಾತ್ರಗಳಿಗೆ ಊರಿನವರೇ. ಹೆಣ್ಣಿನ ಪಾತ್ರಗಳಿಗೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಅವರು ಚಳಿಗಾಲ ಪೂರ್ತಿ ಒಂದೂರಿಂದ ಇನ್ನೊಂದೂರಿಗೆ ಓಡಾಡುವವರು, ತಾಲೀಮಿಗೆ ಪುರಸತ್ತು ಎಲ್ಲಿಂದ ಬರಬೇಕು? ನಾಟಕದ ದಿನ ಮಧ್ಯಾಹ್ನದ ಬಸ್ಸಿಗೆ ಇಳಿಯುತ್ತಾರೆ, ಬಣ್ಣ ಹಚ್ಚಿಕೊಳ್ಳುತ್ತಾರೆ, ಆಡುತ್ತಾರೆ, ಹೋಗುತ್ತಾರೆ. ಹಾಗಾದರೆ ಎರಡು ತಿಂಗಳ ತಾಲೀಮಿನಲ್ಲಿ ಹೀರೋ ಯಾರ ಮುಂದೆ ಅಳಬೇಕು, ಯಾವ ತಾಯಿಯ ಕಾಲಿಗೆ ಬೀಳಬೇಕು? ಅದಕ್ಕೊಬ್ಬ ಬೇಕು. ಹೆಣ್ಣಿನ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿ, ಹೆಣ್ಣು ನಿಲ್ಲುವ ಜಾಗದಲ್ಲಿ ನಿಂತು, ನಿಜವಾದ ಕಲಾವಿದೆ ಬಂದ ಕೂಡಲೇ ಬದಿಗೆ ಸರಿಯುವ ಒಬ್ಬ. ಆ ಒಬ್ಬ ಗುರುಶಾಂತ.

ಅವನನ್ನು ಅಲ್ಲಿ ನಿಲ್ಲಿಸಿದವರು ಹಣಮಂತ್ರಾಯ ಮಾಸ್ತರು. ಹಾರ್ಮೋನಿಯಂ ಬಾರಿಸಿ ನಾಟಕ ಕಲಿಸುವವರು. ಗುರುಶಾಂತ ಆಗಿನ್ನೂ ಹತ್ತನೆಯ ತರಗತಿ, ಗಂಟಲು ಒಡೆದಿರಲಿಲ್ಲ. ಪಾತ್ರ ಕೊಡಿ ಎಂದು ಮಠದ ಪಡಸಾಲೆಗೆ ಬಂದು ನಿಂತಿದ್ದ.

"ಈ ವರ್ಷ ಹೆಣ್ಣಿನ ಮಾತಿಗೆ ನಿಂದ್ರು," ಎಂದಿದ್ದರು ಮಾಸ್ತರು. "ಮುಂದಿನ ವರ್ಷ ನಿನಗೊಂದು ಗಂಡಸಿನ ಪಾತ್ರ ಇಟ್ಟೇನಿ ಅಂತ ತಿಳಿ."

ಗಂಟಲು ಒಡೆಯಿತು, ಮೀಸೆ ಬಂತು, ಮದುವೆಯಾಯಿತು, ಅಪ್ಪನ ಗಿರಣಿ ಕೈಗೆ ಬಂತು. ಆ ಮುಂದಿನ ವರ್ಷ ಮಾತ್ರ ಬರಲಿಲ್ಲ. ಕೇಳಿದಾಗೆಲ್ಲ ಮಾಸ್ತರು ಹೊಗಳಿಯೇ ಕಟ್ಟಿಹಾಕುತ್ತಿದ್ದರು. "ಹೀರೋ ಮಾಡಾಕ ಯಾರರ ಸಿಗತಾರಪಾ. ನಿನ್ನಂಗ ನಿಂದ್ರಾಂವ ಸಿಗಂಗಿಲ್ಲ. ನೀ ಇಲ್ಲಂದ್ರ ತಾಲೀಮ ಹೆಂಗ ನಡೀಬೇಕು?"

ಹೊಗಳಿಕೆ ಸುಳ್ಳಲ್ಲ. ಗುರುಶಾಂತ ಸೀರೆ ಉಡುತ್ತಿರಲಿಲ್ಲ, ಸೊಂಟ ಬಳುಕಿಸುತ್ತಿರಲಿಲ್ಲ, ದನಿ ಸಣ್ಣದು ಮಾಡುತ್ತಿರಲಿಲ್ಲ. ಹಿಟ್ಟು ಮೆತ್ತಿದ ಅಂಗಿ, ಹೆಗಲ ಮೇಲೆ ಟವೆಲ್ಲು, ಅಷ್ಟೇ. ಆದರೂ ಅವನು ಸೊಸೆಯಾಗಿ ನಿಂತರೆ ಎದುರಿನ ಮಾವನ ಪಾತ್ರದವನು ತಾನಾಗಿ ದನಿ ಇಳಿಸುತ್ತಿದ್ದ. ದಿನವೆಲ್ಲ ಗಿರಣಿಯಲ್ಲಿ ಹೆಂಗಸರನ್ನೇ ನೋಡುತ್ತಿದ್ದವನು ಅವನು. ಗಿರಣಿಯ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಕೈಗಳು ಕಾಣುತ್ತವೆ. ಯಾರು ಸಿಟ್ಟಿನಲ್ಲಿದ್ದಾರೆ, ಯಾರು ತವರಿನಿಂದ ಬಂದಿದ್ದಾರೆ, ಯಾರ ಮನೆಯಲ್ಲಿ ಜೋಳ ತಳಕ್ಕೆ ಬಂದಿದೆ ಎಂಬುದೆಲ್ಲ ಕೈಯಲ್ಲೇ ಗೊತ್ತಾಗುತ್ತಿತ್ತು.

ಒಂದು ಚಳಿಗಾಲದ ಮುಂಜಾನೆ ಅದೇ ಓಣಿಯ ನಿಂಬೆವ್ವ ಜೋಳದ ಡಬ್ಬಿ ಹೊತ್ತು ಬಂದಳು. ಗಂಡ ಇಲ್ಲದ ಹೆಂಗಸು. ಒಬ್ಬನೇ ಮಗ, ಹೆಂಡತಿಯನ್ನು ತಾಯಿಯ ಹತ್ತಿರ ಬಿಟ್ಟು ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಅವಳ ಜೋಳ ಬೀಸಿ ಮುಗಿಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಗಿರಣಿ ನಿಂತ ಮೌನದಲ್ಲಿ ಅವಳ ಸೊಂಟದಲ್ಲಿದ್ದ ಫೋನು ರಿಂಗಾಯಿತು.

"ಹಾಂ... ಹಾಂ, ನಾನೇ... ಯಾವಾಗ?" ಎಂದಳು. ಆಮೇಲೆ ಬರೀ ಕೇಳಿಸಿಕೊಂಡಳು. ಫೋನನ್ನು ತಕ್ಕಡಿಯ ತಟ್ಟೆಯಲ್ಲಿ ಇಟ್ಟಳು.

ಆಮೇಲೆ ಅವಳು ಮಾಡಿದ್ದಿಷ್ಟು. ನೆಲದ ಮೇಲಿದ್ದ ಮುಚ್ಚಳ ಎತ್ತಿ ಹಿಟ್ಟಿನ ಡಬ್ಬಿಯ ಮೇಲೆ ಇಟ್ಟಳು. ಹೆಬ್ಬೆರಳಿನಿಂದ ಅಂಚು ಒತ್ತಿದಳು. ಒಂದು ಕಡೆ ಕೂತರೆ ಇನ್ನೊಂದು ಕಡೆ ಏಳುತ್ತಿತ್ತು. ಆ ಕಡೆ ಒತ್ತಿದಳು, ಈ ಕಡೆ ಒತ್ತಿದಳು, ಸುತ್ತಲೂ ಒತ್ತಿ ಒತ್ತಿ ಅದು ಟಕ್ಕೆಂದು ಕೂತ ಮೇಲೆ ಕೈ ತೆಗೆದಳು. ಅದಾದ ನಂತರವೇ ನೆಲಕ್ಕೆ ಕುಸಿದದ್ದು, ಬಾಯಿಂದ ಸದ್ದು ಬಂದದ್ದು.

ಗುರುಶಾಂತ ಓಡಿ ಓಣಿಯವರನ್ನು ಕರೆದ, ನೀರು ಕೊಟ್ಟ, ಹೆಣ ತರಲು ಪುಣೆಗೆ ಹೋದ ಜೀಪಿನಲ್ಲಿ ತಾನೂ ಹೋದ. ಮಾಡಬೇಕಾದ್ದನ್ನೆಲ್ಲ ಮಾಡಿದ. ಆದರೆ ಹೋಗುವಾಗ, ಬರುವಾಗ, ಮಣ್ಣು ಕೊಡುವಾಗ ಅವನ ಕಣ್ಣ ಮುಂದೆ ಇದ್ದದ್ದು ಆ ಮುಚ್ಚಳ.

ಆ ವರ್ಷದ ನಾಟಕದಲ್ಲಿ ಮಗ ಸತ್ತ ಸುದ್ದಿ ಕೇಳುವ ತಾಯಿಯೊಬ್ಬಳಿದ್ದಳು. ಎದೆ ಬಡಿದುಕೊಂಡು ನೆಲಕ್ಕೆ ಬೀಳುತ್ತಾಳೆ ಎಂದು ಪುಸ್ತಕದಲ್ಲಿತ್ತು. ತಾಲೀಮಿನಲ್ಲಿ ಕಲ್ಯಾಣಕುಮಾರ ಸುದ್ದಿ ಹೇಳಿದ. ಗುರುಶಾಂತನ ಕೈಗೆ ಚಹಾಕ್ಕೆಂದು ತಂದಿಟ್ಟ ಸಕ್ಕರೆ ಡಬ್ಬಿ ಸಿಕ್ಕಿತು. ಅವನು ಮುಚ್ಚಳ ಇಟ್ಟ. ಒತ್ತಿದ. ಸುತ್ತಲೂ ಒತ್ತಿದ.

ಸದಾ ಚೇಷ್ಟೆ ಮಾಡುವ ಕಲ್ಯಾಣಕುಮಾರ ಮುಂದಿನ ಮಾತು ಮರೆತು ಹಾಗೇ ನಿಂತ. ಮಾಸ್ತರರ ಕೈ ಹಾರ್ಮೋನಿಯಂ ಮೇಲೆ ನಿಂತುಹೋಗಿತ್ತು.

"ಎಲ್ಲಿಂದ ತಂದ್ಯೋ ಇದನ್ನ?" ಎಂದು ಕೇಳಿದರು.

"ಹಂಗ ಬಂತ್ರಿ," ಎಂದ ಗುರುಶಾಂತ.

ನಾಟಕದ ದಿನ ಮಧ್ಯಾಹ್ನ ವಿಜಯಶ್ರೀ ಬಂದಳು. ಜೇವರ್ಗಿಯವಳು. ತಾಯಿಯೂ ನಾಟಕ ಕಂಪನಿಯಲ್ಲಿದ್ದವಳು. ಮಗಳಿಗೆ ಪರದೆಯ ಹಿಂದೆಯೇ ತೊಟ್ಟಿಲು, ನಡೆಯಲು ಕಲಿತ ಮೇಲೆ ಕೂಸಿನ ಪಾತ್ರ, ಎತ್ತರವಾದ ಮೇಲೆ ಹೀರೋಯಿನ್, ಮೈ ಬಂದ ಮೇಲೆ ತಾಯಿ. ಶಾಲೆಯ ಕಟ್ಟೆಯ ಮೇಲೆ ಕೂತು ಒಂದು ಕೈಯಲ್ಲಿ ಭಜಿ ತಿನ್ನುತ್ತ, "ಅಣ್ಣಾ, ಎಲ್ಲಿ ನಿಂದ್ರಬೇಕು ಹೇಳು ಜಲ್ದಿ. ನಿನ್ನೆ ಬ್ಯಾರೆ ಊರಾಗ ತಾಯಿ, ನಾಳಿಗೆ ಮತ್ತೊಂದ ಕಡಿ ಅತ್ತಿ. ತಲಿಯೆಲ್ಲ ಗಡಬಡ ಆಗ್ಯಾದ," ಎಂದಳು.

ಗುರುಶಾಂತ ಖಾಲಿ ರಂಗದ ಮೇಲೆ ಅವಳ ಪಾತ್ರವನ್ನು ನಡೆದು ತೋರಿಸಿದ. ಹಿಟ್ಟಿನ ಡಬ್ಬಿಯ ಜಾಗ ಬಂದಾಗ ಅವಳು ಭಜಿ ಕೆಳಗಿಟ್ಟಳು. "ಇನ್ನೊಮ್ಮಿ ತೋರ್ಸು," ಎಂದಳು. ತೋರಿಸಿದ. ಅವಳು ಎದ್ದು ಮಾಡಿದಳು. ಮೊದಲ ಸಲಕ್ಕೇ ಬಂದುಬಿಟ್ಟಿತು, ಅವನದಕ್ಕಿಂತ ಒಂದು ಕೈ ಮೇಲೆಯೇ. ಗುರುಶಾಂತನಿಗೆ ಖುಷಿಯಾಯಿತು, ಆದರೂ ಡಬ್ಬಿಯನ್ನು ಅವಳ ಕೈಯಿಂದ ತಾನೇ ಇಸಿದುಕೊಂಡ. ಅವತ್ತು ಜನ ಹೇಗೆ ಕೂತು ನೋಡಿದರು ಎಂಬುದನ್ನು ಊರವರು ಈಗಲೂ ಹೇಳುತ್ತಾರೆ. ಗುರುಶಾಂತ ಪರದೆಯ ಬದಿಯಲ್ಲಿ ನಿಂತು ನೋಡಿದ. ನಿಂಬೆವ್ವ ಬಂದಿರಲಿಲ್ಲ. ಸೂತಕದ ಮನೆಯವರು ನಾಟಕಕ್ಕೆ ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು, ಅದೇ ಧೈರ್ಯವೂ ಆಗಿತ್ತು.

ಆ ಮೇಲಿನ ವರ್ಷ ವಿಜಯಶ್ರೀ ಬೆಂಗಳೂರಿಗೆ ಹೋದಳು. ಧಾರಾವಾಹಿಯೊಂದರಲ್ಲಿ ದೊಡ್ಡ ಮನೆಯ ಅಡುಗೆಯವಳ ಪಾತ್ರ. ಮೊದಲು ಬಾಗಿಲಲ್ಲಿ ನಿಂತು ಹೋಗುತ್ತಿದ್ದಳು. ಆಮೇಲೆ ಆ ಪಾತ್ರಕ್ಕೊಬ್ಬ ಮಗ ಹುಟ್ಟಿಕೊಂಡ. ಒಂದು ಸಂಜೆ ಆ ಮಗ ಸತ್ತ. ಸುದ್ದಿ ಕೇಳಿದ ವಿಜಯಶ್ರೀ ಹಿಟ್ಟಿನ ಡಬ್ಬಿಯ ಮುಚ್ಚಳ ಹಾಕಿ, ಹೆಬ್ಬೆರಳಿನಿಂದ ಸುತ್ತಲೂ ಒತ್ತಿದಳು.

ಮರುದಿನ ಎಲ್ಲರ ಫೋನಿನಲ್ಲೂ ಅದೇ. ಗಿರಣಿಗೆ ಬಂದ ಹೆಂಗಸರ ಬಾಯಲ್ಲೂ ಅದೇ. "ಆಕಿ ಅಳಲೇ ಇಲ್ಲ ನೋಡ ಬೇ, ನನಗೇ ಅಳು ಬಂತು." ಗುರುಶಾಂತ ಗಿರಣಿಯ ಸದ್ದು ಜೋರು ಮಾಡಿದ. ಆದರೂ ತಡೆದುಕೊಂಡ. ನಮ್ಮೂರಿನಿಂದ ಹೋದದ್ದು, ನನ್ನ ಕೈಯಿಂದ ಹೋದದ್ದು, ಅವಳಿಗೆ ನೆನಪಿರುತ್ತದೆ ಎಂದುಕೊಂಡ. ಒಂದು ದಿನ ಯಾರಾದರೂ ಕೇಳುತ್ತಾರೆ, ಅವಳು ಹೇಳುತ್ತಾಳೆ.

ಕೇಳಿದರು. ಭಾನುವಾರದ ಕಾರ್ಯಕ್ರಮವೊಂದರಲ್ಲಿ ನಟ ನಟಿಯರನ್ನು ಸೋಫಾದ ಮೇಲೆ ಕೂರಿಸಿ ಬಾಲ್ಯ ಹೇಗಿತ್ತು, ಈ ದಾರಿಗೆ ಹೇಗೆ ಬಂದಿರಿ ಎಂದು ಕೇಳುತ್ತಾರೆ. ಗುರುಶಾಂತ ಊಟದ ತಟ್ಟೆ ಮುಂದಿಟ್ಟುಕೊಂಡು ನೋಡುತ್ತಿದ್ದ. ವಿಜಯಶ್ರೀ ಬೆಂಗಳೂರಿನ ಕನ್ನಡದಲ್ಲಿ ಹೇಳಿದಳು. "ಅದು ನಮ್ಮ ಅಮ್ಮನಿಂದ ಬಂದಿದ್ದು. ನಾನು ಚಿಕ್ಕವಳಿದ್ದಾಗ ಅಪ್ಪ ತೀರಿಕೊಂಡ ಸುದ್ದಿ ಬಂತು. ಅಮ್ಮ ಅಳಲಿಲ್ಲ. ಹಿಟ್ಟಿನ ಡಬ್ಬಿ ಮುಚ್ಚಿದರು." ನಿರೂಪಕಿ ಕಣ್ಣೊರೆಸಿಕೊಂಡಳು.

"ಸುಳ್ಳ ಹೇಳಾಕತ್ತಾಳ!" ಗುರುಶಾಂತ ತಟ್ಟೆಯ ಮುಂದಿನಿಂದ ಎದ್ದುಬಿಟ್ಟ.

ಅವನ ಹೆಂಡತಿ ಸೀಮಾ ರೊಟ್ಟಿ ಬಡಿಯುತ್ತಿದ್ದಳು. "ಉಣ್ಣೋದು ಬಿಟ್ಟು ಯಾರ ಮ್ಯಾಲ ಒದರಾಕತ್ತೀರಿ? ಟೀವಿಗೇನು ಕಿವಿ ಅದಾವ?"

"ಅದು ನಂದು, ಸೀಮಾ."

"ಏನು ನಿಮ್ದು? ಡಬ್ಬಿನೋ, ಮುಚ್ಚಳನೋ?"

"ಚೇಷ್ಟಿ ಮಾಡಬ್ಯಾಡ."

"ಚೇಷ್ಟಿ ಅಲ್ರಿ. ಮದಿವಿಯಾಗಿ ಬಂದಾಗಿಂದ ನೋಡಾಕತ್ತೇನಿ. ಎರಡ ತಿಂಗಳ ಆ ಪಡಸಾಲ್ಯಾಗ ಅಳತೀರಿ, ನಗತೀರಿ. ನಾಟಕದ ದಿನ ನನ್ನ ಬಾಜೂಕ ಬಂದು ಕುಂದ್ರತೀರಿ. ಅವರಿಗೆ ನೀವು ಬೇಕು, ಮಂದಿ ಬರೂತನಕ ಬೇಕು. ನಿಮಗಿದು ಇಷ್ಟ ದಿನಕ್ಕ ತಿಳೀತೇನು?"

ಅವಳು ಹೇಳಿದ್ದು ನಿಜ. ನಿಜವಾದ್ದರಿಂದಲೇ ಗುರುಶಾಂತನಿಗೆ ಅದು ಇನ್ನಷ್ಟು ಉರಿಯಿತು.

ವಿಜಯಶ್ರೀ ಹಬ್ಬಕ್ಕೆ ಊರಿಗೆ ಬಂದಿದ್ದಾಳೆಂದು ತಿಳಿದ ದಿನ ಅವನು ಗಿರಣಿಗೆ ಬೀಗ ಹಾಕಿ ಜೇವರ್ಗಿಗೆ ಹೋದ. ಅವಳ ಮನೆಯ ಮುಂದೆ ಫೋಟೊ ತೆಗೆಸಿಕೊಳ್ಳುವವರ ಗದ್ದಲ. ಇವನನ್ನು ಕಂಡು ಅವಳು ಒಳಗೆ ಕರೆದು ಚಹಾ ಮಾಡಿಸಿದಳು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಕೂಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಚಹಾದ ಮುಂದೆ ಚದುರಿದವು.

"ಟೀವ್ಯಾಗ ನಿಮ್ಮ ಅವ್ವನ ಸುದ್ದಿ ಹೇಳಿದೆಲ್ಲ ತಂಗಿ," ಎಂದಷ್ಟೇ ಬಂತು.

ವಿಜಯಶ್ರೀ ತಲೆ ತಗ್ಗಿಸಲಿಲ್ಲ. "ಹೇಳಿದೆ. ನಮ್ಮವ್ವ ಅಪ್ಪ ಸತ್ತ ದಿನ ಬಣ್ಣ ಹಚ್ಚಿಕೊಂಡು ಕುಂತಿದ್ಲಣ್ಣಾ. ಡಬ್ಬೀನೂ ಇಲ್ಲ, ಮುಚ್ಚಳಾನೂ ಇಲ್ಲ. ನಿನ್ನ ಹೆಸರು ಹೇಳಿದೆ ಮೊದಲ, ಖರೇ ಹೇಳತೇನಿ. ಒಬ್ಬ ಗಂಡಸು ಹೆಣ್ಣಿನ ಪಾತ್ರ ಕಲಿಸಿದ ಅಂದಕೂಡ್ಲೆ ಟೀವಿಯವರು ನಕ್ರು. ಇದು ಕಾಮಿಡಿ ಆಗ್ತದ ಮೇಡಂ, ತಾಯಿಯಿಂದ ಬಂತು ಅನ್ರಿ ಅಂದ್ರು. ಅಂದೆ."

ಅವಳು ನಿಜ ಹೇಳುತ್ತಿದ್ದಾಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಅವಳ ಕೈ ನೋಡಿದ. ಅವು ಆಡುವ ಕೈಗಳು, ಏನೂ ಬಿಟ್ಟುಕೊಡುವಂಥವಲ್ಲ.

"ಅದರಿಂದ ನನಗೇನು ಸುಖ ಆಗ್ಯಾದ ಅನಕೊಂಡಿ?" ಅವಳದೂ ದನಿ ಏರಿತು. "ಈಗ ವಾರಕ್ಕೊಮ್ಮಿ ಡಬ್ಬಿ ಮುಚ್ಚಸ್ತಾರ. ಮೊನ್ನಿ ಬೆಕ್ಕು ಸತ್ತಿದ್ದಕ್ಕೂ ಮುಚ್ಚಿಸಿದ್ರು! ಬ್ಯಾರೆ ಏನೂ ಕೊಡಂಗಿಲ್ಲ. ಇಷ್ಟು ವರ್ಷ ಎಷ್ಟ ಪಾತ್ರ ಆಡೇನಿ, ಎಲ್ಲಾ ಹೋಗಿ ಮುಚ್ಚಳದಾಗ ಬಿದ್ದೇನಿ."

ಗುರುಶಾಂತನಿಗೆ ನಗು ಬರಬೇಕಿತ್ತು, ಬರಲಿಲ್ಲ. "ಏನರ ಆಗ್ಲಿ, ಅದು ನಂದಿತ್ತು," ಎಂದ.

"ನಿನಗ ಎಲ್ಲಿಂದ ಬಂತಣ್ಣಾ?"

ಅವನು ಚಹಾದ ಬಸಿಯನ್ನು ಅತ್ತ ಸರಿಸಿ ಇತ್ತ ಸರಿಸಿದ. ಬಾಗಿಲವರೆಗೆ ಕಳಿಸಲು ಬಂದಾಗ, ಆಳಂದಕ್ಕೆ ಹೊಸ ಧಾರಾವಾಹಿಯವರು ಬರುತ್ತಿದ್ದಾರೆ, ಈ ಕಡೆಯ ಮುಖಗಳು ಬೇಕಂತೆ, ಹೋಗಿ ಬಾ ಎಂದಳು. "ಆದ್ರ ಡಬ್ಬಿದು ಮಾಡಬ್ಯಾಡ. ಬ್ಯಾರೆ ಏನರ ಮಾಡು. ನನ್ನ ಮಾತ ಕೇಳು."

ಅವನು ಆ ಮಾತು ಕೇಳಲಿಲ್ಲ. ಬೇರೆ ಯಾರ ಮುಂದೆ ಅಲ್ಲದಿದ್ದರೂ ಧಾರಾವಾಹಿ ಮಾಡುವವರ ಮುಂದೆ ಒಮ್ಮೆ ಅದನ್ನು ಮಾಡಿ ತೋರಿಸಬೇಕು, ಮೂಲ ಯಾವುದೆಂದು ನೋಡಿದವರಿಗೆ ತಾನಾಗಿ ತಿಳಿಯುತ್ತದೆ ಎಂಬ ಹಟ ಹಿಡಿದಿತ್ತು. ಮನೆಯ ಡಬ್ಬಿಯನ್ನೇ ಕೈಗೆತ್ತಿಕೊಂಡ. ಸೀಮಾ ನೋಡಿದಳು. ಡಬ್ಬಿಯಲ್ಲಿದ್ದ ಹಿಟ್ಟನ್ನು ಬೋಗುಣಿಗೆ ಸುರಿದು, ಡಬ್ಬಿಯನ್ನು ಚೀಲಕ್ಕೆ ಹಾಕಿ ಕೊಟ್ಟಳು.

ಕಲಬುರಗಿಯಲ್ಲಿ ಬಸ್ಸು ಬದಲಿಸಿ ಆಳಂದದ ಬಸ್ಸು ಹಿಡಿದ. ಮುಂದಿನ ಸೀಟಿನಲ್ಲಿ ಕಡಗಂಚಿಯ ವಿಶ್ವವಿದ್ಯಾಲಯಕ್ಕೆ ಹೋಗುವ ಹುಡುಗಿಯರಿಬ್ಬರು ಕೂತಿದ್ದರು. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದ ಸುದ್ದಿ ಹೇಳಿಕೊಳ್ಳುತ್ತಿದ್ದರು. ಒಬ್ಬಳು ನೀರಿನ ಬಾಟಲಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ಸುತ್ತಲೂ ಒತ್ತಿ, ಗಂಭೀರವಾಗಿ ಶೂನ್ಯದತ್ತ ನೋಡಿದಳು. ಇನ್ನೊಬ್ಬಳು ಬಿದ್ದು ಬಿದ್ದು ನಕ್ಕಳು. ಗುರುಶಾಂತ ಚೀಲವನ್ನು ತೊಡೆಯ ಮೇಲಿಂದ ಇಳಿಸಿ ಕಾಲ ನಡುವೆ ಇಟ್ಟುಕೊಂಡ.

ಆಳಂದದ ಮದುವೆ ಮಂಟಪವೊಂದರಲ್ಲಿ ಆಯ್ಕೆ ನಡೆಯುತ್ತಿತ್ತು. ಮೇಜಿನ ಹಿಂದೆ ಗಡ್ಡದ ಯುವಕನೊಬ್ಬ, ಕನ್ನಡಕದ ಹೆಂಗಸೊಬ್ಬಳು.

"ಮೊದಲು ಯಾವ ಪಾತ್ರಗಳನ್ನು ಮಾಡಿದ್ದೀರಿ?" ಗಡ್ಡದವನು ಕೇಳಿದ.

"ತಾಲೀಮಿನ್ಯಾಗ ಮಾಡೇನ್ರಿ. ಹೆಣ್ಣಿನ ಪಾತ್ರ. ಕಲಾವಿದೆಯರು ಬರೂತನಕ."

"ಅಂದ್ರೆ ಡ್ಯೂಪಾ?"

"ಡ್ಯೂಪ್ ಅಲ್ರಿ. ಅವರ ಬದ್ಲಿ ನಿಂದ್ರತೇನಿ."

"ಸ್ಟೇಜ್ ಹತ್ತಿಲ್ಲ ಅಂತಾಯ್ತು."

"ಹತ್ತೇನ್ರಿ," ಎಂದ ಗುರುಶಾಂತ. "ಮಂದಿ ಬರೂಕಿಂತ ಮೊದಲ."

ಕನ್ನಡಕದವಳು ತಲೆ ಎತ್ತಿ ನೋಡಿದಳು. ಏನು ಬರುತ್ತದೋ ಮಾಡಿ ತೋರಿಸಿ ಎಂದಳು. ಅವನು ಡಬ್ಬಿ ತೆಗೆದ. ಅವತ್ತಿನವರೆಗೂ ಅಷ್ಟು ಚೆನ್ನಾಗಿ ಅವನು ಅದನ್ನು ಮಾಡಿರಲಿಲ್ಲ. ಹೆಬ್ಬೆರಳು ಅಂಚಿನ ಮೇಲೆ ಹೋಗುವಾಗ ಗಿರಣಿ ನಿಂತ ಮೌನ ಮತ್ತೆ ಕಿವಿಗೆ ಬಂತು, ತಕ್ಕಡಿಯಲ್ಲಿಟ್ಟ ಫೋನು ಕಣ್ಣಿಗೆ ಬಂತು. ಮುಚ್ಚಳ ಟಕ್ಕೆಂದು ಕೂತಿತು.

ತಲೆ ಎತ್ತಿದಾಗ ಗಡ್ಡದವನು ಪೆನ್ನು ಕೆಳಗಿಟ್ಟಿದ್ದ. "ಸರ್, ಬೇಜಾರು ಮಾಡ್ಕೋಬೇಡಿ. ಬೆಳಿಗ್ಗೆಯಿಂದ ಎಲ್ಲರೂ ಇದನ್ನೇ ಮಾಡ್ತಿದ್ದಾರೆ." ಮೂಲೆಯ ಕಡೆ ಕೈ ತೋರಿಸಿದ. ಬಂದವರು ಮರೆತುಹೋಗಿದ್ದ ಎರಡು ಡಬ್ಬಿಗಳು ಅಲ್ಲಿದ್ದವು. "ವಿಜಯಶ್ರೀ ಮೇಡಂ ಮಾಡಿದ್ದನ್ನ ಕಾಪಿ ಮಾಡಿದ್ರೆ ನಿಮ್ಮತನ ಹೇಗೆ ಗೊತ್ತಾಗಬೇಕು?"

"ಅದು ನಾನೇ ಆಕಿಗೆ ಕಲಿಸಿದ್ದು."

ಗಡ್ಡದವನು ಕೆಟ್ಟವನಲ್ಲ. ನಗಬಾರದೆಂದು ತಡೆದುಕೊಂಡದ್ದು ಕಾಣುತ್ತಿತ್ತು. "ಸರಿ ಸರ್. ಗಂಡಸಿನದು ಏನಾದ್ರೂ ಮಾಡಿ."

ಗುರುಶಾಂತ ಕಲ್ಯಾಣಕುಮಾರನ ಮಾತು ಶುರು ಮಾಡಿದ. ಇಷ್ಟು ವರ್ಷ ಎದುರಿಗೆ ನಿಂತು ಕೇಳಿದ ಮಾತು, ಒಂದಕ್ಷರ ತಪ್ಪುವಂತಿರಲಿಲ್ಲ. "ತಾಯಿ, ನಿನ್ನ ಮಗ ಬಂದಿದ್ದಾನೆ, ಕಣ್ಣು ತೆರೆದು ನೋಡು" ಎಂದ. ನಿಂತ. ತುಟಿಯೊಳಗೇ ಏನೋ ಗೊಣಗಿದ. ಮುಂದಿನ ಮಾತು ಹೇಳಿದ, ಮತ್ತೆ ನಿಂತ, ಮತ್ತೆ ಗೊಣಗಿದ.

"ಯಾರಿಗೆ ಕಾಯ್ತಿದ್ದೀರಿ?" ಕನ್ನಡಕದವಳು ಮೆತ್ತಗೆ ಕೇಳಿದಳು.

ಆಗಲೇ ಅವನಿಗೂ ಗೊತ್ತಾದದ್ದು. ಹೀರೋನ ಪ್ರತಿ ಮಾತಿಗೂ ಅವನ ಬಾಯಿ ತಾಯಿಯ ಉತ್ತರವನ್ನು ಹೇಳುತ್ತಿತ್ತು.

ಗಡ್ಡದವನು ಏನೋ ಹೊಳೆದಂತೆ, "ಸೀರೆ ಉಟ್ಕೊಂಡು ಕಾಮಿಡಿ ಮಾಡ್ತೀರಾ? ನಮ್ಮದೇ ಇನ್ನೊಂದು ಶೋ ಇದೆ," ಎಂದ. ಗುರುಶಾಂತ ಡಬ್ಬಿ ಚೀಲಕ್ಕೆ ಹಾಕಿಕೊಂಡು ನಮಸ್ಕಾರ ಮಾಡಿ ಹೊರಗೆ ಬಂದ. ತನ್ನದನ್ನೇ ತಾನು ಕದ್ದ ಎನಿಸಿಕೊಂಡು ಬರುವಾಗ ಯಾರ ಮೇಲೆ ಸಿಟ್ಟಾಗಬೇಕು ಎಂದು ತಿಳಿಯದೆ, ಬಸ್ಸು ಬಿಡಲು ತಡ ಮಾಡಿದ ಕಂಡಕ್ಟರನ ಮೇಲೆ ಒದರಾಡಿದ.

ಮತ್ತೆ ತಾಲೀಮಿನ ಕಾಲ ಬಂತು. ಒಂದು ಮುಂಜಾನೆ ಹಣಮಂತ್ರಾಯ ಮಾಸ್ತರು ತಾವಾಗಿ ಗಿರಣಿಗೆ ಬಂದರು. ವಯಸ್ಸಾಗಿತ್ತು, ಹಿಟ್ಟಿನ ಧೂಳಿಗೆ ಕೆಮ್ಮಿದರು.

"ಆ ಹಳೇ ನಾಟಕನೇ ಮತ್ತ ಹಚ್ಚೋಣು ಅಂತ ಮಾಡೇವಿ. ವಿಜಯಶ್ರೀ ಅಂತೂ ಈಗ ನಮಗ ಸಿಗಂ‌ಗಿಲ್ಲ. ಅದಕ್ಕ ತಾಯಿ ಪಾತ್ರ ನೀನೇ ಆಡು."

ಗುರುಶಾಂತ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದ. "ಆಡಂದ್ರ? ತಾಲೀಮಿನ್ಯಾಗೇನ್ರಿ?"

"ತಾಲೀಮಿನ್ಯಾಗಲ್ಲೋ ಹುಚ್ಚಾ, ರಂಗದ ಮ್ಯಾಲ. ಮಂದಿ ಮುಂದ. ಸೀರಿ ಉಟ್ಟರ ಆಡು, ಉಡದರ ಆಡು, ನಿನ್ನ ಮರ್ಜಿ. ಡಬ್ಬಿ ಮುಚ್ಚೋದು ಮಾತ್ರ ಬರೋಬ್ಬರಿ ಇರಬೇಕು. ಟೀವ್ಯಾಗ ನೋಡಿದ ಡಬ್ಬಿ ಹುಟ್ಟಿದ್ದು ಅತನೂರಾಗ ಅಂತ ಬ್ಯಾನರ್ ಕಟ್ಟಸ್ತೇನಿ. ಸುತ್ತಲ ಹಳ್ಳಿಯೆಲ್ಲ ಬರ್ತಾವ. ನಿನ್ನ ಹೆಸರೂ ಹಾಕಸ್ತೇನಿ."

ಹದಿನಾರರ ವಯಸ್ಸಿನಲ್ಲಿ ಪಡಸಾಲೆಯಲ್ಲಿ ನಿಂತು ಕೇಳಿದ್ದು ಈಗ ಗಿರಣಿಯ ಬಾಗಿಲಿಗೆ ಬಂದಿತ್ತು. ಪಾತ್ರ, ಹೆಸರು, ಅದು ತನ್ನದೆಂಬ ಮಾತು, ಮೂರೂ ಒಟ್ಟಿಗೆ. ಆದರೆ ಪಾಳಿಯಲ್ಲಿ ಹೆಂಗಸರು ಗದ್ದಲ ಮಾಡುತ್ತಿದ್ದರು. "ನಾಳಿಗೆ ಹೇಳತೇನ್ರಿ ಮಾಸ್ತರ," ಎಂದ. ಹೂಂ ಎನ್ನಲು ನಾಳೆಯವರೆಗೆ ಕಾಯುವ ಅಗತ್ಯ ಅವನಿಗೇನೂ ಇರಲಿಲ್ಲ. ಆ ಸಂತೋಷವನ್ನು ಒಂದು ದಿನ ಇಟ್ಟುಕೊಳ್ಳಬೇಕು ಅನಿಸಿತ್ತು, ಅಷ್ಟೇ.

ಮಧ್ಯಾಹ್ನ ಪಾಳಿ ಕರಗಿದ ಮೇಲೆ ನಿಂಬೆವ್ವ ಬಂದಳು. ಗುರುಶಾಂತ ಡಬ್ಬಿ ಇಳಿಸಿಕೊಂಡ. ಮೇಲೆ ಹಳೆಯ ಸೀರೆಯ ತುಂಡು ಹೊದಿಸಿ ದಾರ ಸುತ್ತಿತ್ತು. ದಾರ ಬಿಚ್ಚುತ್ತಿದ್ದವನ ಕೈ ನಿಂತಿತು. ಆ ದಾರವನ್ನು ಅವನು ಮೊದಲೂ ಬಿಚ್ಚಿದ್ದ. ಎಷ್ಟೋ ಸಲ ಬಿಚ್ಚಿದ್ದ. ನೋಡಿದ್ದು ಮಾತ್ರ ಇವತ್ತೇ.

"ಮುಚ್ಚಳ ಎಲ್ಲಿ ಕಾಕಿ?"

"ಅದಾ, ಮನ್ಯಾಗ."

"ಮತ್ಯಾಕ ಅರಿವಿ ಕಟ್ಟೀದಿ?"

"ಅರಿವಿ ಕಟ್ಟಿದ್ರ ಏನಾಗ್ತದ? ಹಿಟ್ಟೇನು ಓಡಿ ಹೋಗ್ತದೇನು?"

"ಹಂಗಲ್ಲ ಕಾಕಿ. ಯಾವಾಗಿಂದ ಕಟ್ಟಾಕತ್ತಿ?"

ನಿಂಬೆವ್ವ ಅವನನ್ನೇ ನೋಡಿದಳು. "ಡಬ್ಬಿ ಇಸಗೊಳ್ಳಾಂವ ನೀನು. ನನ್ನ ಕೇಳತಿ?"

ಗುರುಶಾಂತ ಜೋಳ ಸುರಿದ. ಸುರಿಯುತ್ತಲೇ, ಆ ಕಡೆ ಮುಖ ಮಾಡಿಕೊಂಡು ಕೇಳಿದ. "ನಿಮ್ಮ ಮನ್ಯಾಗ ಆ ಧಾರಾವಾಹಿ ನೋಡತೀರೇನು, ವಿಜಯಶ್ರೀದು?"

"ಸೊಸಿ ನೋಡತಾಳ. ನನಗ ಅಡಗಿಮನ್ಯಾಗ ಕೆಲಸ ಇರ್ತದಪಾ." ಸೀರೆಯ ತುಂಡನ್ನು ಮಡಿಸುತ್ತ, "ಗ್ವಾಡಿ ತೆಳ್ಳಗದ, ಕೇಳಸ್ತದ," ಎಂದಳು. ಆಮೇಲೆ, "ಜರಾ ಸಣ್ಣಗ ಬೀಸು. ಹ್ವಾದ ಸಲ ದಪ್ಪ ಆಗಿ ರೊಟ್ಟಿ ಹರದು ಹ್ವಾದ್ವು," ಎಂದು ಕಟ್ಟೆಯ ಮೇಲೆ ಕೂತಳು. ಅವನು ಗಿರಣಿ ಶುರು ಮಾಡಿದ.

ಮರುದಿನ ಮಾಸ್ತರರ ಮನೆಗೆ ಹೋಗಿ, ಪಾತ್ರ ಆಡುತ್ತೇನೆ, ಡಬ್ಬಿ ಮುಚ್ಚುವುದಿಲ್ಲ ಎಂದ. ಪುಸ್ತಕದಲ್ಲಿದ್ದಂತೆ ಎದೆ ಬಡಿದುಕೊಳ್ಳುತ್ತೇನೆ. ಬೇಕಾದರೆ ಬೇರೆ ಏನಾದರೂ ಹುಡುಕುತ್ತೇನೆ.

ಮಾಸ್ತರಿಗೆ ಸಿಟ್ಟು ಬಂತು. "ಡಬ್ಬಿ ಇಲ್ಲಂದ್ರ ಮಂದಿ ಯಾಕ ಬರ್ತಾರಲೇ? ನಿನ್ನ ಮಾರಿ ನೋಡಾಕೇನು? ಇಷ್ಟ ವರ್ಷ ಪಾತ್ರ ಪಾತ್ರ ಅಂತ ನನ್ನ ಜೀವಾ ತಿಂದಿ. ಕೈಯಾಗ ಕೊಟ್ರ ಒಲ್ಲೆ ಅಂತಿ. ಕಾರಣರ ಹೇಳು."

ಕಾರಣ ಹೇಳಿದರೆ ಇದು ನಿಂಬೆವ್ವನದು ಎಂದು ಇಡೀ ಊರಿಗೆ ಗೊತ್ತಾಗುತ್ತಿತ್ತು. ಗುರುಶಾಂತ ಹೇಳಲಿಲ್ಲ. ಮೊದಲ ಸಲ ಕೇಳಿದಾಗ ಹೇಳಿದ್ದನ್ನೇ ತಿರುಗಿಸಿ ಹೇಳಿದಂತೆ, "ಹಂಗ ಅನಸ್ತ್ರಿ," ಎಂದ.

ಬೇರೆ ಊರಿನಿಂದ ಹೊಸ ಕಲಾವಿದೆಯನ್ನು ಗೊತ್ತು ಮಾಡಿದರು. ಬ್ಯಾನರಿನಲ್ಲಿ ಡಬ್ಬಿಯ ಚಿತ್ರ ಬಂತು, ಗುರುಶಾಂತನ ಹೆಸರು ಬರಲಿಲ್ಲ. ತಾಲೀಮಿಗೆ ಮತ್ತೆ ಅವನೇ ನಿಂತ. ನಿಲ್ಲುವವರು ಬೇರೆ ಯಾರೂ ಸಿಗಲಿಲ್ಲ. ಸೀಮಾ ಏನೇನೋ ಅಂದಳು, ಎಲ್ಲವೂ ಸರಿಯಾಗಿಯೇ ಇತ್ತು. ಕಲ್ಯಾಣಕುಮಾರ ಮಗ ಸತ್ತ ಸುದ್ದಿ ಹೇಳುವ ಜಾಗ ಬಂದಾಗ ಗುರುಶಾಂತ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾನೆ. "ಇಲ್ಲಿ ಆಕಿ ಡಬ್ಬಿ ಮುಚ್ಚತಾಳ," ಎಂದು ಬಾಯಿಮಾತಿನಲ್ಲಿ ಹೇಳಿ ಮುಂದಿನ ಮಾತಿಗೆ ಹೋಗುತ್ತಾನೆ.

"ಏನ್ ಅವ್ವಾ, ಕೈ ನೋಯಾಕತ್ತಾವೇನು?" ಎಂದು ಕಲ್ಯಾಣಕುಮಾರ ಕೇಳುತ್ತಾನೆ. ಎಲ್ಲರೂ ನಗುತ್ತಾರೆ.

ನಿಂಬೆವ್ವ ಈಗಲೂ ಡಬ್ಬಿಗೆ ಬಟ್ಟೆ ಕಟ್ಟಿಕೊಂಡೇ ಬರುತ್ತಾಳೆ. ಅದನ್ನು ಅವಳು ಮಗ ಸತ್ತಾಗಿನಿಂದ ಕಟ್ಟುತ್ತಿದ್ದಾಳೋ, ಟೀವಿಯಲ್ಲಿ ಆ ದೃಶ್ಯ ಬಂದ ಮೇಲೆ ಶುರು ಮಾಡಿದಳೋ, ಅಥವಾ ಮುಚ್ಚಳ ಸೊಟ್ಟಗಾಗಿದೆ ಎಂಬಷ್ಟೇ ಕಾರಣವೋ, ಗುರುಶಾಂತನಿಗೆ ಗೊತ್ತಿಲ್ಲ. ಎಲ್ಲರ ಕೈಗಳನ್ನೂ ನೋಡುತ್ತಿದ್ದ ಅವನು ಅದೊಂದನ್ನು ನೋಡಿರಲಿಲ್ಲ. ಮತ್ತೆ ಕೇಳಲು ಅವನಿಗೆ ಬಾಯಿ ಬಂದಿಲ್ಲ. ಇದನ್ನು ಇಲ್ಲಿಯವರೆಗೆ ಹೇಳಿದವರಿಗೂ ಅದು ಗೊತ್ತಿಲ್ಲ.